ಹೊಲಿಗೆ ಯಂತ್ರದ ಉಪಯುಕ್ತ ಹೊಲಿಗೆಗಳು, ಅಲಂಕಾರಿಕ ಹೊಲಿಗೆಗಳು ಹಾಗೂ 'ಕಸೂತಿ' ಎಂಬ ಹೆಸರಿನ ಬಳಕೆ: ಅರ್ಜಿದಾರರ ಮಾಹಿತಿಗಾಗಿ

1. ಉದ್ದೇಶ

ಹುಬ್ಬಳ್ಳಿ-ಧಾರವಾಡ ಅವಳಿ ನಗರ ಹಾಗೂ ಸುತ್ತಲಿನ ಗ್ರಾಮಗಳಲ್ಲಿ ಹೊಲಿಗೆಯನ್ನು ಜೀವನೋಪಾಯವಾಗಿ ಕೈಗೊಂಡಿರುವವರು ಮತ್ತು ತರಬೇತಿ, ಉಪಕರಣ ಅಥವಾ ಸಾಲ ಸೌಲಭ್ಯಕ್ಕಾಗಿ ಅರ್ಜಿ ಸಲ್ಲಿಸಲಿಚ್ಛಿಸುವವರ ಅನುಕೂಲಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಯಾವ ಕೆಲಸಕ್ಕೆ ಯಾವ ಹೊಲಿಗೆ ತಕ್ಕುದು, ಅದಕ್ಕೆ ಎಂತಹ ಯಂತ್ರ ಬೇಕು ಮತ್ತು ಸಿದ್ಧವಾದ ವಸ್ತುವನ್ನು ಯಾವ ಹೆಸರಿನಿಂದ ಮಾರಬಹುದು ಎಂಬ ಮೂರು ವಿಷಯಗಳನ್ನು ಅರ್ಜಿದಾರರು ಮೊದಲೇ ತಿಳಿದಿರುವುದು ಅಗತ್ಯ.

2. ಯಂತ್ರದ ಹೊಲಿಗೆಯ ಸ್ವರೂಪ

ಮನೆಬಳಕೆಯ ಹೊಲಿಗೆ ಯಂತ್ರವು ಎರಡು ದಾರಗಳಿಂದ ಹೊಲಿಯುತ್ತದೆ. ಮೇಲಿನ ದಾರ ಸೂಜಿಯ ಮೂಲಕವೂ ಕೆಳಗಿನ ದಾರ ಬಾಬಿನ್‌ನಿಂದಲೂ ಬಂದು, ಬಟ್ಟೆಯ ಪದರಗಳ ನಡುವೆ ಒಂದನ್ನೊಂದು ಹೆಣೆದುಕೊಳ್ಳುತ್ತವೆ. ಹೆಣಿಗೆಯು ಬಟ್ಟೆಯ ಒಳಗೇ ಉಳಿದರೆ ಹೊಲಿಗೆ ಸರಿಯಾಗಿದೆ ಎಂದರ್ಥ. ಬಾಬಿನ್ ದಾರ ಮೇಲ್ಭಾಗದಲ್ಲಿ ಕಾಣಿಸಿದರೆ ಮೇಲಿನ ದಾರದ ಬಿಗಿತವನ್ನು ಕಡಿಮೆ ಮಾಡತಕ್ಕದ್ದು. ಕೆಳಭಾಗದಲ್ಲಿ ದಾರ ಕುಣಿಕೆಯಾಗಿ ನಿಂತರೆ ಮೇಲಿನ ದಾರವನ್ನು ಪೂರ್ತಿ ತೆಗೆದು ಮತ್ತೊಮ್ಮೆ ಕ್ರಮವಾಗಿ ಪೋಣಿಸಿ, ಬಳಿಕವೇ ಬಿಗಿತವನ್ನು ಹೆಚ್ಚಿಸತಕ್ಕದ್ದು.

3. ಉಪಯುಕ್ತ ಹೊಲಿಗೆಗಳು

ಉಡುಪನ್ನು ಜೋಡಿಸುವ, ಅಂಚು ಬಿಚ್ಚದಂತೆ ಕಾಯುವ ಹೊಲಿಗೆಗಳು ಈ ಕೆಳಕಂಡಂತಿವೆ:

(ಅ) ನೇರ ಹೊಲಿಗೆ: ಸಾಮಾನ್ಯ ಹತ್ತಿ ಬಟ್ಟೆಗೆ ಟಾಕಿನ ಉದ್ದ 2ರಿಂದ 2.5 ಮಿ.ಮೀ., ದಪ್ಪ ಬಟ್ಟೆಗೆ 3ರಿಂದ 4 ಮಿ.ಮೀ. ಇರಲಿ. ತೆಳು ಬಟ್ಟೆಗೆ 9 ಅಥವಾ 11ನೇ ನಂಬರಿನ, ಮಧ್ಯಮ ಬಟ್ಟೆಗೆ 14ನೇ ನಂಬರಿನ, ದಪ್ಪ ಬಟ್ಟೆಗೆ 16ನೇ ನಂಬರಿನ ಸೂಜಿ ಸೂಕ್ತ.

(ಆ) ಕಚ್ಚಾ ಹೊಲಿಗೆ: ಅಳತೆ ನೋಡಲು ತಾತ್ಕಾಲಿಕವಾಗಿ ಹಾಕುವ ಉದ್ದನೆಯ ಟಾಕು. ಇದರ ತುದಿಗಳನ್ನು ಬಿಗಿಮಾಡಬಾರದು.

(ಇ) ಜಿಗ್‌ಜ್ಯಾಗ್ ಹೊಲಿಗೆ: ಕತ್ತರಿಸಿದ ಅಂಚಿನ ಎಳೆ ಬಿಚ್ಚದಂತೆ ತಡೆಯುತ್ತದೆ. ಖಣದ ಕುಪ್ಪಸಗಳಲ್ಲಿ ಅಂಚಿನ ಎಳೆ ಬೇಗ ಬಿಚ್ಚುವ ಕಾರಣ ಒಳ ಅಂಚಿಗೆ ಈ ಹೊಲಿಗೆ ಹಾಕುವುದು ಒಳ್ಳೆಯದು.

(ಈ) ಕಾಜಾ ಹೊಲಿಗೆ: ಎರಡು ಬದಿಗೆ ಒತ್ತಾದ ಜಿಗ್‌ಜ್ಯಾಗ್, ಎರಡು ತುದಿಗೆ ಅಡ್ಡ ಬಿಗಿ ಟಾಕು. ಹೊಲಿಗೆ ಮುಗಿದ ನಂತರವೇ ನಡುವೆ ಕತ್ತರಿಸತಕ್ಕದ್ದು.

(ಉ) ಪೀಕೋ ಹಾಗೂ ಫಾಲ್ ಹೊಲಿಗೆ: ಸೀರೆಯ ತುದಿ ಮತ್ತು ಕೆಳಅಂಚಿನ ರಕ್ಷಣೆಗೆ. ಹೊಸದಾಗಿ ವೃತ್ತಿ ಆರಂಭಿಸುವವರಿಗೆ ಮನೆಯಲ್ಲಿಯೇ ದೊರೆಯಬಹುದಾದ ಕೆಲಸವಿದು.

ಉಪಯುಕ್ತ ಹೊಲಿಗೆಯ ಮಹತ್ವಕ್ಕೆ ನಮ್ಮ ನಗರದಲ್ಲಿಯೇ ನಿದರ್ಶನವಿದೆ. 1957ರಲ್ಲಿ ಸ್ಥಾಪನೆಯಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವು ಹುಬ್ಬಳ್ಳಿಯ ಬೆಂಗೇರಿಯಲ್ಲಿ ಭಾರತೀಯ ಮಾನಕ ಬ್ಯೂರೋದ ಮಾನದಂಡಗಳಿಗೆ ಅನುಸಾರವಾಗಿ ರಾಷ್ಟ್ರಧ್ವಜವನ್ನು ಸಿದ್ಧಪಡಿಸುತ್ತ ಬಂದಿದೆ. ಧ್ವಜದ ಉದ್ದ ಮತ್ತು ಎತ್ತರ 3:2ರ ಪ್ರಮಾಣದಲ್ಲಿರಬೇಕು. ಮೂರು ಬಣ್ಣದ ಪಟ್ಟಿಗಳು ಸಮನಾಗಿರಬೇಕು. ಅಲ್ಲಿ ಹೊಲಿಗೆ ಕಣ್ಣಿಗೆ ಬೀಳಬೇಕಾಗಿಲ್ಲ. ಗಾಳಿಗೆ ಬಿಚ್ಚದೆ, ಪಟ್ಟಿಯ ಅಳತೆ ಕೆಡಿಸದೆ ಇದ್ದರೆ ಸಾಕು.

4. ಅಲಂಕಾರಿಕ ಹೊಲಿಗೆಗಳು

(ಅ) ಸ್ಯಾಟಿನ್ ಹೊಲಿಗೆ: ಟಾಕಿನ ಉದ್ದವನ್ನು ಅರ್ಧ ಮಿ.ಮೀ.ಗಿಂತ ಕಡಿಮೆ ಇಟ್ಟು ಹಾಕುವ ಒತ್ತು ಜಿಗ್‌ಜ್ಯಾಗ್. ಬಟ್ಟೆ ಸುಕ್ಕಾಗದಂತೆ ಕೆಳಗೆ ಕಾಗದ ಅಥವಾ ಕ್ಯಾನ್ವಾಸ್ ಇಡತಕ್ಕದ್ದು.

(ಆ) ಸಿದ್ಧ ವಿನ್ಯಾಸಗಳು: ಅಲೆ, ಎಲೆ, ಬಳ್ಳಿ ಮುಂತಾದವು. ಇವು ಯಂತ್ರದಲ್ಲಿಯೇ ಅಳವಡಿಸಿದ್ದರೆ ಮಾತ್ರ ಸಾಧ್ಯ.

(ಇ) ರಿಂಗ್ ಕೆಲಸ: ಬಟ್ಟೆಯನ್ನು ರಿಂಗಿಗೆ ಬಿಗಿದು, ಬಟ್ಟೆ ಸರಿಸುವ ಹಲ್ಲುಗಳನ್ನು ಕೆಳಗಿಳಿಸಿ, ಕೈಯಿಂದಲೇ ಬಟ್ಟೆಯನ್ನು ನಡೆಸುತ್ತ ಹೂಬಳ್ಳಿ ತುಂಬುವ ವಿಧಾನ. ಇದಕ್ಕೆ ಅಭ್ಯಾಸ ಬೇಕು. ಬೆರಳು ಸೂಜಿಯ ಸಮೀಪ ಹೋಗದಂತೆ ಎಚ್ಚರ ವಹಿಸತಕ್ಕದ್ದು.

ಯಾವುದೇ ಅಲಂಕಾರಿಕ ಹೊಲಿಗೆಯನ್ನು ಮೊದಲು ಅದೇ ಬಟ್ಟೆಯ ತುಂಡಿನ ಮೇಲೆ ಹಾಕಿ, ತೊಳೆದು, ಬಣ್ಣ ಬಿಡುವುದಿಲ್ಲವೆಂದು ಖಚಿತಪಡಿಸಿಕೊಂಡ ನಂತರವೇ ಗ್ರಾಹಕರ ಬಟ್ಟೆಯ ಮೇಲೆ ಹಾಕತಕ್ಕದ್ದು.

5. 'ಕಸೂತಿ' ಎಂಬ ಹೆಸರಿನ ಬಳಕೆ (ವಿಶೇಷ ಗಮನಕ್ಕೆ)

ಆಡುಮಾತಿನಲ್ಲಿ ಬಟ್ಟೆಯ ಮೇಲಿನ ಎಲ್ಲ ಬಗೆಯ ದಾರದ ಚಿತ್ತಾರವನ್ನೂ ಕಸೂತಿ ಎನ್ನುವ ರೂಢಿಯಿದೆ. ಆದರೆ ಧಾರವಾಡ ಸೀಮೆಯ ಕಸೂತಿಯು ಪ್ರತ್ಯೇಕವಾದ ಕೈಕೆಲಸವಾಗಿದ್ದು, 1999ರ ಭೌಗೋಳಿಕ ಸೂಚಕಗಳ ಅಧಿನಿಯಮದ ಅಡಿಯಲ್ಲಿ ನೋಂದಣಿಯಾಗಿದೆ. ಬಟ್ಟೆಯ ಮೇಲೆ ಗೆರೆ ಬರೆಯದೆ, ಎಳೆ ಎಣಿಸಿ, ಗಂಟು ಹಾಕದೆ ಇದನ್ನು ಹಾಕುವುದು ಸಂಪ್ರದಾಯ. ಗಾವಂತಿ, ಮುರ್ಗಿ, ನೇಯ್ಗೆ, ಮೆಂತಿ ಎಂಬುವು ಇದರ ನಾಲ್ಕು ಹೊಲಿಗೆಗಳು. ಇಳಕಲ್ ಸೀರೆಯ ಮೇಲೆ ಗೋಪುರ, ತೇರು, ಆನೆ, ತುಳಸಿ ಕಟ್ಟೆಗಳನ್ನು ಈ ಹೊಲಿಗೆಗಳಿಂದಲೇ ಮೂಡಿಸಲಾಗುತ್ತದೆ.

ಗಾವಂತಿಯಲ್ಲಿ ಒಂದೇ ದಾರ ಒಮ್ಮೆ ಎಳೆ ಬಿಟ್ಟು ಸಾಗಿ, ಮರಳಿ ಬರುವಾಗ ಬಿಟ್ಟ ಜಾಗವನ್ನು ತುಂಬುತ್ತದೆ. ಆದುದರಿಂದ ಗಾವಂತಿ ಮತ್ತು ಮುರ್ಗಿ ಹೊಲಿಗೆಗಳು ಬಟ್ಟೆಯ ಎರಡೂ ಬದಿಗೆ ಒಂದೇ ರೀತಿ ಕಾಣುತ್ತವೆ. ಯಂತ್ರದ ಕೆಲಸದಲ್ಲಿ ಹಿಂಬದಿಗೆ ಬಾಬಿನ್ ದಾರ ಪ್ರತ್ಯೇಕವಾಗಿ ಕಾಣುತ್ತದೆ. ನೇಯ್ಗೆ ಮತ್ತು ಮೆಂತಿಯಲ್ಲಿ ಎರಡು ಬದಿಗಳು ಒಂದೇ ರೀತಿ ಇರಬೇಕಾಗಿಲ್ಲ. ಆದರೆ ಅಲ್ಲಿಯೂ ಬಾಬಿನ್ ದಾರ ಇರುವುದಿಲ್ಲ. ಖರೀದಿದಾರರು ಬಟ್ಟೆಯನ್ನು ಮಗುಚಿ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ.

ಯಂತ್ರದಿಂದ ಹಾಕಿದ ಗೋಪುರ, ತೇರುಗಳಿಗೆ ಬೇಡಿಕೆಯಿದ್ದು, ಆ ಕೆಲಸ ಮಾಡಲು ಯಾವ ಅಡ್ಡಿಯೂ ಇಲ್ಲ. ಆದರೆ ಅಂತಹ ವಸ್ತುವಿನ ಚೀಟಿ, ರಶೀದಿ ಅಥವಾ ಜಾಹೀರಾತಿನಲ್ಲಿ 'ಯಂತ್ರ ಎಂಬ್ರಾಯ್ಡರಿ' ಎಂದೇ ನಮೂದಿಸತಕ್ಕದ್ದು. ನೋಂದಾಯಿತ ಹೆಸರನ್ನು ತಪ್ಪಾಗಿ ಬಳಸುವುದು ಸದರಿ ಅಧಿನಿಯಮದಡಿ ಶಿಕ್ಷಾರ್ಹ. ಇದಕ್ಕಿಂತ ಮುಖ್ಯವಾದುದೆಂದರೆ, ಕೈಯಿಂದ ಒಂದು ಸೆರಗನ್ನು ತುಂಬಿಸಲು ವಾರಗಟ್ಟಲೆ ಕೂರುವ ಮಹಿಳೆಯ ಶ್ರಮಕ್ಕೆ ದೊರೆಯಬೇಕಾದ ಬೆಲೆಯು, ಕೆಲವು ಗಂಟೆಗಳಲ್ಲಿ ಯಂತ್ರದಿಂದ ಸಿದ್ಧವಾದ ಸೀರೆಯು ಅದೇ ಹೆಸರಿನಲ್ಲಿ ಮಾರಾಟವಾದಾಗ ಕುಸಿಯುತ್ತದೆ. ಕೈ ಕಸೂತಿ ಮಾಡುವವರು 'ಅಧಿಕೃತ ಬಳಕೆದಾರ'ರಾಗಿ ಚೆನ್ನೈನಲ್ಲಿರುವ ಭೌಗೋಳಿಕ ಸೂಚಕಗಳ ನೋಂದಣಿ ಕಚೇರಿಗೆ ಅರ್ಜಿ ಸಲ್ಲಿಸಬಹುದು.

6. ಲಭ್ಯವಿರುವ ಸೌಲಭ್ಯ

2023ರ ಸೆಪ್ಟೆಂಬರ್ 17ರಂದು ಆರಂಭಿಸಲಾದ ಪಿಎಂ ವಿಶ್ವಕರ್ಮ ಯೋಜನೆಯ 18 ವೃತ್ತಿಗಳಲ್ಲಿ ದರ್ಜಿ ವೃತ್ತಿಯೂ ಸೇರಿದೆ. ಯೋಜನೆಯಲ್ಲಿ ಕಲ್ಪಿಸಲಾದ ಅವಕಾಶಗಳು:

- ತರಬೇತಿ ಅವಧಿಯಲ್ಲಿ ದಿನಕ್ಕೆ 500 ರೂ. ಭತ್ಯೆ.
- ಉಪಕರಣಗಳಿಗಾಗಿ 15,000 ರೂ.ವರೆಗಿನ ಪ್ರೋತ್ಸಾಹಧನ.
- ಶೇ. 5ರ ಬಡ್ಡಿ ದರದಲ್ಲಿ ಮೊದಲ ಕಂತಿನಲ್ಲಿ 1 ಲಕ್ಷ ರೂ., ಎರಡನೆಯ ಕಂತಿನಲ್ಲಿ 2 ಲಕ್ಷ ರೂ.ವರೆಗೆ ಸಾಲ.

ಅರ್ಜಿದಾರರಿಗೆ 18 ವರ್ಷ ತುಂಬಿರಬೇಕು. ಒಂದು ಕುಟುಂಬದಲ್ಲಿ ಒಬ್ಬರಿಗೆ ಮಾತ್ರ ಅವಕಾಶ. ಸರ್ಕಾರಿ ನೌಕರರು ಹಾಗೂ ಅವರ ಕುಟುಂಬದವರು ಅರ್ಹರಲ್ಲ. ನೋಂದಣಿಯನ್ನು ಸಾಮಾನ್ಯ ಸೇವಾ ಕೇಂದ್ರಗಳ ಮೂಲಕ ಮಾಡಿಸತಕ್ಕದ್ದು. ಹೊಸ ಅರ್ಜಿಗಳನ್ನು ಸ್ವೀಕರಿಸಲಾಗುತ್ತಿದೆಯೇ ಎಂಬುದನ್ನು ಮೊದಲು ಅಲ್ಲಿ ವಿಚಾರಿಸುವುದು.

7. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಅಲಂಕಾರಿಕ ಹೊಲಿಗೆಗಳಿರುವ ಯಂತ್ರವನ್ನೇ ಕೊಳ್ಳಬೇಕೇ?
ಉತ್ತರ: ಬೇಕಾಗಿಲ್ಲ. ಕುಪ್ಪಸ, ಲಂಗ, ಶಾಲಾ ಸಮವಸ್ತ್ರ ಹೊಲಿಯುವವರಿಗೆ ನೇರ ಹೊಲಿಗೆಯ ಯಂತ್ರ ಸಾಕು. ಪೀಕೋ, ಕಾಜಾ, ರಿಂಗ್ ಕೆಲಸ ಮಾಡುವವರಿಗೆ ಜಿಗ್‌ಜ್ಯಾಗ್ ಸೌಲಭ್ಯ ಬೇಕು. ಬಳಸದ ವಿನ್ಯಾಸಗಳಿಗಾಗಿ ಸಾಲ ಹೆಚ್ಚಿಸಿಕೊಳ್ಳಬಾರದು.

ಪ್ರಶ್ನೆ: ಕೈ ಕಸೂತಿ ಹಾಗೂ ಯಂತ್ರದ ಕೆಲಸ ಎರಡನ್ನೂ ಮಾಡುತ್ತೇನೆ. ಹೇಗೆ ಮಾರಬೇಕು?
ಉತ್ತರ: ಬೇರೆ ಬೇರೆ ಚೀಟಿ, ಬೇರೆ ಬೇರೆ ಬೆಲೆ ಇಟ್ಟು ಮಾರುವುದು. ಒಂದೇ ಬಟ್ಟೆಯಲ್ಲಿ ಎರಡೂ ಇದ್ದರೆ ಎರಡನ್ನೂ ನಮೂದಿಸುವುದು.

8. ಸೂಚನೆ

ಅರ್ಜಿದಾರರು ಆಧಾರ್, ಬ್ಯಾಂಕ್ ಪಾಸ್‌ಪುಸ್ತಕ ಹಾಗೂ ಪಡಿತರ ಚೀಟಿಯೊಂದಿಗೆ ಖುದ್ದಾಗಿ ಹಾಜರಾಗಬೇಕೆಂದು ಮತ್ತು ಮಧ್ಯವರ್ತಿಗಳಿಗೆ ಹಣ ನೀಡಬಾರದೆಂದು ಕೋರಲಾಗಿದೆ.