ರಕ್ತಪ್ರದರದ ಅಳತೆಯನ್ನು ಕುರಿತು

ಮುಟ್ಟಿನ ಕಾಲದ ಅತಿಸ್ರಾವವನ್ನು ನಮ್ಮ ಪ್ರಾಚೀನ ವೈದ್ಯರು ಅಸೃಗ್ದರವೆಂದೂ ಪ್ರದರವೆಂದೂ ಕರೆದರು. ಸುಶ್ರುತಸಂಹಿತೆಯಲ್ಲಿಯೂ ಚರಕಸಂಹಿತೆಯಲ್ಲಿಯೂ ಇದರ ನಿರೂಪಣೆಯುಂಟು. ಶುದ್ಧವಾದ ಆರ್ತವಕ್ಕೆ ಚರಕಸಂಹಿತೆ ಹೇಳುವ ಲಕ್ಷಣ ಗಮನಾರ್ಹವಾದುದು: ಅದು ತಿಂಗಳಿಗೊಮ್ಮೆ ಬರಬೇಕು, ನೋವು ಉರಿಗಳಿರಬಾರದು, ಐದು ರಾತ್ರಿಗಳವರೆಗೆ ಇರಬೇಕು, ಅತಿಯೂ ಆಗಬಾರದು, ಅಲ್ಪವೂ ಆಗಬಾರದು. ಆದರೆ ಅತಿ ಎಂದರೆ ಎಷ್ಟು, ಅದನ್ನು ನಿರ್ಣಯಿಸುವವರು ಯಾರು ಎಂಬ ಪ್ರಶ್ನೆ ಅಲ್ಲಿಗೆ ಮುಗಿಯಲಿಲ್ಲ.

ಈ ಪ್ರಶ್ನೆ ಪ್ರಾಣದ ಪ್ರಶ್ನೆಯೂ ಆಗಬಲ್ಲುದೆಂಬುದಕ್ಕೆ ಫಿನ್ಲೆಂಡಿನ ಒಂದು ದೃಷ್ಟಾಂತವಿದೆ. ಓಲಂಡ್ ದ್ವೀಪಸಮೂಹದ ಐದು ವರ್ಷದ ಬಾಲಕಿಯೊಬ್ಬಳನ್ನು 1924ರಲ್ಲಿ ಹೆಲ್ಸಿಂಕಿಯ ವೈದ್ಯ ಎರಿಕ್ ಫಾನ್ ವಿಲ್ಲೆಬ್ರಾಂಡ್ ಪರೀಕ್ಷಿಸಿದರು. ಅವಳ ಸಹೋದರಿಯರಲ್ಲಿ ಹಲವರು ಎಳೆಯ ವಯಸ್ಸಿನಲ್ಲಿಯೇ ರಕ್ತಸ್ರಾವದಿಂದ ತೀರಿಕೊಂಡಿದ್ದರು. ಗಂಡಸರಿಗೆ ಮಾತ್ರ ತಗಲುವುದೆಂದು ಭಾವಿಸಲಾಗಿದ್ದ ಹಿಮೋಫೀಲಿಯಾಕ್ಕಿಂತ ಇದು ಭಿನ್ನವಾದ, ಹೆಂಗಸರನ್ನೂ ಕಾಡುವ ಆನುವಂಶಿಕ ರೋಗವೆಂದು 1926ರಲ್ಲಿ ಅವರು ಪ್ರಕಟಿಸಿದರು. ರೋಗಕ್ಕೆ ಆ ವೈದ್ಯರ ಹೆಸರೇ ನಿಂತಿತು. ಬಾಲಕಿಯಾದರೋ ಹದಿಮೂರನೆಯ ವಯಸ್ಸಿನಲ್ಲಿ, ತನ್ನ ನಾಲ್ಕನೆಯ ಋತುಸ್ರಾವದಲ್ಲಿ, ನೆತ್ತರು ನಿಲ್ಲದೆ ಮೃತಳಾದಳು. ಮೊದಲ ಮುಟ್ಟಿನಿಂದಲೇ ವಿಪರೀತವಾಗಿ ಹರಿಯುವ ಹುಡುಗಿಯ ರಕ್ತವನ್ನು ಪರೀಕ್ಷಿಸಬೇಕೆಂದು ಇಂದಿನ ವೈದ್ಯರು ಹೇಳುವುದಕ್ಕೆ ಇಂಥ ಪ್ರಕರಣಗಳೇ ಆಧಾರ.

ನಮ್ಮ ದೇಶದಲ್ಲಿ ರೋಗವನ್ನು ಅಳೆಯುವ ಮಾತಿರಲಿ, ಬಾಯಿಬಿಟ್ಟು ಹೇಳುವುದೇ ಕಷ್ಟವಾಗಿತ್ತು. ಪುರುಷ ವೈದ್ಯರ ಮುಂದೆ ಹೋಗಲೊಲ್ಲದ ಸ್ತ್ರೀಯರಿಗಾಗಿ ಮುಂಬಯಿಯಲ್ಲಿ 1886ರಲ್ಲಿ ಕಾಮಾ ಆಸ್ಪತ್ರೆ ತೆರೆಯಿತು. ಎಡಿತ್ ಪೀಚೀ ಎಂಬ ವೈದ್ಯೆ ಅದರ ಹೊಣೆ ಹೊತ್ತರು. ಆಸ್ಪತ್ರೆ ಬಂದಿತೆಂದ ಮಾತ್ರಕ್ಕೆ ಸಂಕೋಚ ಹೋಗಲಿಲ್ಲ. ಅದು ಈಗಲೂ ಅನೇಕ ಮನೆಗಳಲ್ಲಿ ಉಳಿದಿದೆ.

ಅಳತೆಯ ಕಾರ್ಯವನ್ನು ಕೈಗೊಂಡವರು ಸ್ವೀಡನ್ನಿನ ಗೋಥೆನ್‌ಬರ್ಗಿನ ವಿದ್ವಾಂಸರು. ಬಳಸಿದ ಪ್ಯಾಡುಗಳನ್ನು ಸಂಗ್ರಹಿಸಿ, ಕ್ಷಾರದ್ರಾವಣದಲ್ಲಿ ನೆನೆಸಿ, ಇಳಿದ ಬಣ್ಣದಿಂದ ರಕ್ತದ ಪ್ರಮಾಣವನ್ನು ಕಂಡುಹಿಡಿಯುವ ಕ್ರಮವದು. ಒಂದು ಮುಟ್ಟಿಗೆ 80 ಮಿಲಿಲೀಟರಿಗೆ ಮೀರಿದರೆ ಅದು ಅತಿಸ್ರಾವವೆಂಬ ಗಡಿ 1966ರ ಅವರ ಅಧ್ಯಯನದಿಂದ ರೂಢಿಗೆ ಬಂತು. ಅದೇ ಅಧ್ಯಯನದಲ್ಲಿ ಇನ್ನೊಂದು ಸಂಗತಿಯೂ ಹೊರಬಿತ್ತು. ಗಡಿ ಮೀರಿದವರಲ್ಲಿ ಅನೇಕರು ತಮ್ಮದು ಸಾಧಾರಣವಾದ ಸ್ರಾವವೆಂದೇ ತಿಳಿದಿದ್ದರು! ತಾಯಿಗೂ ಅಕ್ಕನಿಗೂ ಹಾಗೆಯೇ ಆಗುತ್ತಿದ್ದರೆ ಹೋಲಿಸಿ ನೋಡಲು ಬೇರೆ ಮಾನದಂಡವೆಲ್ಲಿಯದು? ಅತ್ತ ಚಿಕಿತ್ಸಾಲಯದಲ್ಲಿ ಹೀಗೆ ಅಳೆಯುತ್ತ ಕೂರುವುದೂ ಸಾಧ್ಯವಿರಲಿಲ್ಲ. 2007ರಲ್ಲಿ ಇಂಗ್ಲೆಂಡಿನ ವೈದ್ಯಕೀಯ ಮಾರ್ಗಸೂಚಿಯು ಅಂಕಿಯನ್ನು ಬದಿಗಿರಿಸಿ, ಸ್ತ್ರೀಯ ದೇಹ, ಮನಸ್ಸು ಮತ್ತು ದಿನದ ಬದುಕಿಗೆ ತೊಡಕಾಗುವ ಸ್ರಾವವೆಲ್ಲ ಅತಿಸ್ರಾವವೇ ಎಂದು ವ್ಯಾಖ್ಯಾನಿಸಿತು. ಲೆಕ್ಕ ಮತ್ತೆ ಅವಳ ಮಾತಿಗೇ ಬಂದು ನಿಂತಿತು. ಆ ಮಾತನ್ನು ಅವಳು ಆಡಬೇಕು, ಕೇಳುವವರು ನಂಬಬೇಕು.

ಹಾಗಾದರೆ ವೈದ್ಯರ ಬಳಿಗೆ ಹೋಗಬೇಕಾದುದು ಯಾವಾಗ? ಸ್ರಾವವು ಏಳು ದಿನ ಮೀರಿದಾಗ. ಗಂಟೆ ಎರಡು ಗಂಟೆಗೊಮ್ಮೆ ಪ್ಯಾಡು ಬದಲಿಸಬೇಕಾಗಿ ಬಂದಾಗ, ಅದಕ್ಕಾಗಿ ರಾತ್ರಿ ನಿದ್ದೆಯಿಂದೇಳಬೇಕಾದಾಗ. ರೂಪಾಯಿ ನಾಣ್ಯಕ್ಕಿಂತ ದೊಡ್ಡ ಗರಣೆಗಳು ಬಿದ್ದಾಗ. ಎರಡು ಮುಟ್ಟುಗಳ ನಡುವೆ ನೆತ್ತರು ಕಂಡಾಗ. ಮುಟ್ಟು ನಿಂತು ವರ್ಷ ಕಳೆದ ಮೇಲೆ ಒಂದು ತೊಟ್ಟು ಕಂಡರೂ ತಡಮಾಡಬಾರದು. ಗರ್ಭಿಣಿಗೆ ಸ್ರಾವವಾದರೆ, ಅಥವಾ ತಲೆಸುತ್ತಿ ಕಣ್ಣು ಕತ್ತಲೆಗಟ್ಟಿದರೆ, ಕೂಡಲೆ ಆಸ್ಪತ್ರೆಗೆ ಹೋಗಬೇಕು. ಮೆಟ್ಟಿಲೇರಿದರೆ ಏದುಸಿರು, ಸದಾ ಆಯಾಸ ಇವು ರಕ್ತಹೀನತೆಯ ಚಿಹ್ನೆಗಳಾಗಿರಬಹುದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಭಾರತದಲ್ಲಿ 15ರಿಂದ 49 ವರ್ಷದ ಸ್ತ್ರೀಯರಲ್ಲಿ ಶೇಕಡಾ 57 ಮಂದಿಗೆ ರಕ್ತಹೀನತೆಯಿತ್ತು. ಅದಕ್ಕೆ ಆಹಾರವೊಂದನ್ನೇ ದೂರುವುದು ವಾಡಿಕೆ. ತಿಂಗಳು ತಿಂಗಳೂ ಹರಿದುಹೋಗುವುದನ್ನು ಕೇಳುವವರು ಕಡಿಮೆ.

ಕಾರಣಗಳು ಹಲವು: ಗರ್ಭಕೋಶದ ಗೆಡ್ಡೆ, ಥೈರಾಯ್ಡಿನ ದೋಷ, ಹಾರ್ಮೋನಿನ ಏರುಪೇರು, ರಕ್ತ ಹೆಪ್ಪುಗಟ್ಟದಿರುವಿಕೆ, ಅಪರೂಪಕ್ಕೆ ಅರ್ಬುದ. ಗರ್ಭಕೋಶವನ್ನು ತೆಗೆಯುವುದೊಂದೇ ದಾರಿಯೆಂಬ ನಂಬಿಕೆ ಸರಿಯಲ್ಲ. ಜಪಾನಿನ ಉತಾಕೊ ಒಕಾಮೊಟೊ ಮತ್ತು ಅವರ ಪತಿ 1962ರಲ್ಲಿ ಪ್ರಕಟಿಸಿದ ಟ್ರಾನೆಕ್ಸಾಮಿಕ್ ಆಮ್ಲವೇ ಇಂದಿಗೂ ಮುಟ್ಟಿನ ದಿನಗಳಲ್ಲಿ ನುಂಗಲು ಕೊಡುವ ಮಾತ್ರೆ. ಹಿಂದೆ ರಕ್ತನಾಳದಲ್ಲಿ ನೆತ್ತರು ಹೆಪ್ಪುಗಟ್ಟಿದವರಿಗೆ ಅದು ಸಲ್ಲದಾದುದರಿಂದ, ನೆರೆಮನೆಯವರಿಗೆ ಗುಣವಾಯಿತೆಂದು ಅಂಗಡಿಯಿಂದ ತಾವೇ ತಂದು ನುಂಗತಕ್ಕುದಲ್ಲ.