ಟೆಲಿಮೆಟ್ರಿ: ‘ಬೇಡ’ ಅಂದ್ರೆ ನಿಜಕ್ಕೂ ನಿಲ್ಲುತ್ತಾ?

ಟರ್ಮಿನಲ್‌ನಲ್ಲಿ ನೀವು ಯಾವ ಕಮಾಂಡ್ ಕೊಟ್ರಿ, ಟೂಲ್‌ನ ಆವೃತ್ತಿ ಯಾವುದು, ಆಪರೇಟಿಂಗ್ ಸಿಸ್ಟಮ್ ಯಾವುದು ಎಂಬ ಲೆಕ್ಕ ಅದನ್ನು ತಯಾರಿಸಿದವರಿಗೆ ಹೋಗಬಹುದು. ಇದೇ ಬಳಕೆಯ ಟೆಲಿಮೆಟ್ರಿ. ದೋಷ ಹುಡುಕಲು ಇದು ಬೇಕು. ಎಂಜಿನಿಯರಿಂಗ್ ಓದಿದ ನಾನು ಅದನ್ನು ಅಲ್ಲಗಳೆಯಲ್ಲ. ಕೇಳಿ ತಗೊಂಡ್ರಾ ಅನ್ನೋದೇ ಪ್ರಶ್ನೆ.

ಮೈಕ್ರೋಸಾಫ್ಟ್‌ನ ಡಾಟ್‌ನೆಟ್ ಟೂಲ್‌ನಲ್ಲಿ ಇದು ಮೊದಲೇ ಆನ್ ಇರುತ್ತೆ. ಬೇಡವಾದವರು ತಾವೇ ಆಫ್ ಮಾಡ್ಕೋಬೇಕು. ಗೂಗಲ್‌ನ ಗೋ ಭಾಷೆಯ ತಂಡವೂ 2023ರ ಫೆಬ್ರವರಿಯಲ್ಲಿ ಇದೇ ದಾರಿ ಸೂಚಿಸಿತ್ತು. ಡೆವಲಪರ್‌ಗಳು ವಿರೋಧಿಸಿದರು, ತಂಡ ಮಣಿಯಿತು. 2024ರ ಗೋ 1.23ರಲ್ಲಿ ಲೆಕ್ಕ ನಿಮ್ಮ ಕಂಪ್ಯೂಟರಿನಲ್ಲೇ ಉಳಿಯುತ್ತೆ. ನೀವು ಆನ್ ಮಾಡಿದರಷ್ಟೇ ಹೊರಗೆ ಹೋಗುತ್ತೆ.

ಪರೀಕ್ಷಿಸೋದು ಹೇಗೆ? ನೆಕ್ಸ್ಟ್ ಜೆಎಸ್‌ನಲ್ಲಿ ಟೆಲಿಮೆಟ್ರಿ ಡೀಬಗ್ ಆನ್ ಮಾಡಿ: ಮಾಹಿತಿಯನ್ನು ಕಳಿಸದೆ ನಿಮಗೇ ತೋರಿಸುತ್ತೆ. ಬೇರೆ ಟೂಲ್‌ಗಳಿಗೆ ಪ್ರಾಕ್ಸಿ ಇಟ್ಟು ಹೊರಹೋಗುವ ವಿನಂತಿಗಳನ್ನು ನೋಡಿ. ಆಫ್ ಮಾಡಿದ ಮೇಲೆ ಟೆಲಿಮೆಟ್ರಿಯ ಒಂದು ವಿನಂತಿಯೂ ಕಾಣಬಾರದು. ಟೂಲ್ ಬರೆಯುವವರು ಇನ್ನೆರಡು ನೋಡಬೇಕು: ಫೈಲ್ ಹೆಸರು, ಪಾಸ್‌ವರ್ಡ್ ಸೋರಬಾರದು, ಅಂಕಲಗಿಯಲ್ಲಿ ಕೂತವರ ನೆಟ್ ಹೋದರೂ ಲೆಕ್ಕ ಕಳಿಸೋಕೆ ಕಾಯುತ್ತಾ ಕಮಾಂಡ್ ನಿಲ್ಲಬಾರದು.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಪ್ರಕರಣದಲ್ಲಿ. ವೈಯಕ್ತಿಕ ದತ್ತಾಂಶಕ್ಕೆ ಪಡೆಯುವ ಒಪ್ಪಿಗೆ ಸ್ಪಷ್ಟ ಕ್ರಿಯೆಯಿಂದ ಬರಬೇಕು ಅಂತ 2023ರ ದತ್ತಾಂಶ ಸಂರಕ್ಷಣಾ ಕಾಯ್ದೆ ಹೇಳುತ್ತೆ. ಟೆಲಿಮೆಟ್ರಿಗೂ ಅದೇ ಅಳತೆ ಇರಲಿ: ಸುಮ್ಮನಿದ್ದದ್ದು ಒಪ್ಪಿಗೆ ಅಲ್ಲ.