ಹಳೇ ಪೇಟಿ ಕೊಳ್ಳುವ ಮುನ್ನ ಅದರ ಚರಿತ್ರೆ ಓದಿ

ಎಲೆಕ್ಟ್ರಿಕ್ ಗಿಟಾರ್ ನುಡಿಸುವ ಹುಡುಗರು ಸೆಕೆಂಡ್ ಹ್ಯಾಂಡ್ ಗಿಟಾರು, ಎಫೆಕ್ಟ್ಸ್ ಪೆಡಲ್ಲುಗಳ ಬಗ್ಗೆ ಗಂಟೆಗಟ್ಟಲೆ ಚರ್ಚೆ ಮಾಡುತ್ತಾರೆ. ಇದೇನೂ ಹೊಸ ಚಟ ಅಲ್ಲ ಸ್ವಾಮಿ! ಘಟಪ್ರಭಾ, ಗೋಕಾಕ, ಮೂಡಲಗಿ ಕಡೆಯ ಆಟದ ಮೇಳಗಳಿಗೂ ಭಜನೆಯವರಿಗೂ ಈ ಚರ್ಚೆ ಹಳೆಯದೇ. ಅಲ್ಲಿ ಕೈಯಿಂದ ಕೈಗೆ ದಾಟುವ ವಾದ್ಯ ಹಾರ್ಮೋನಿಯಂ, ಅಂದರೆ ಪೇಟಿ. ಹಳೇ ಪೇಟಿಗೆ ಬೆಲೆ ಕಟ್ಟುವುದು ಅಂದರೆ ಅದರ ಚರಿತ್ರೆ ಓದುವುದು ಅಂತಲೇ ಲೆಕ್ಕ.

1842ರಲ್ಲಿ ಪ್ಯಾರಿಸ್ಸಿನ ಅಲೆಕ್ಸಾಂದ್ರ್ ದೆಬಾಂ ಹಾರ್ಮೋನಿಯಂ ಎಂಬ ಹೆಸರಿಗೆ ಪೇಟೆಂಟ್ ಪಡೆದ. ಅದು ಕುರ್ಚಿಯ ಮೇಲೆ ಕೂತು ಕಾಲಲ್ಲಿ ತುಳಿಯುವ ವಾದ್ಯ. ನೆಲದ ಮೇಲೆ ಕೂತು ಒಂದು ಕೈಯಲ್ಲಿ ತಿದಿ ಒತ್ತುವ ರೂಪ ಕೊಟ್ಟವರಲ್ಲಿ ಕಲ್ಕತ್ತೆಯ ಡ್ವಾರ್ಕಿನ್ ಕಂಪನಿಯ ದ್ವಾರಕಾನಾಥ ಘೋಷರ ಹೆಸರು ದೊಡ್ಡದು. ನಮ್ಮ ಕಡೆ ಅದಕ್ಕೆ ನೆಲೆ ಕೊಟ್ಟದ್ದು ರಂಗಭೂಮಿ. ಗೋಕಾಕ ಸೀಮೆಯ ಕುಲಗೋಡ ತಮ್ಮಣ್ಣ ಬೆಳೆಸಿದ, ಕೌಜಲಗಿ ನಿಂಗಮ್ಮ ಹಾಡಿ ಮೆರೆದ ಶ್ರೀಕೃಷ್ಣ ಪಾರಿಜಾತ ನಿಮಗೆ ಗೊತ್ತೇ ಇದೆ. ಮೈಕಿಲ್ಲದ ಕಾಲದಲ್ಲಿ ಇಡೀ ರಾತ್ರಿ ನಡೆಯುವ ಇಂಥ ಬಯಲಾಟಕ್ಕೆ ದೂರ ಕೂತವನಿಗೂ ಕೇಳುವ, ಮತ್ತೆ ಮತ್ತೆ ಶ್ರುತಿ ಮಾಡಬೇಕಿಲ್ಲದ ವಾದ್ಯ ಎಷ್ಟು ಅನುಕೂಲ ಅಂತ ಯೋಚಿಸಿ.

ಎಲ್ಲರೂ ಒಪ್ಪಲಿಲ್ಲ ಬಿಡಿ. ಹಾರ್ಮೋನಿಯಂನಲ್ಲಿ ಸ್ವರದಿಂದ ಸ್ವರಕ್ಕೆ ಜಾರಲು ಆಗದು. ಸಪ್ತಕವನ್ನು 12 ಸಮಪಾಲು ಮಾಡಿದರೆ ಶುದ್ಧ ಗಾಂಧಾರ ತನ್ನ ಸಹಜ ಜಾಗಕ್ಕಿಂತ ಸುಮಾರು 14 ಸೆಂಟ್ ಮೇಲೆ ಕೂರುತ್ತದೆ (ಒಂದು ಅರೆಸ್ವರಕ್ಕೆ 100 ಸೆಂಟ್). ಘಟಪ್ರಭಾದಿಂದ ಮಿರಜ ರೈಲು ಹಾದಿ ಹಿಡಿದರೆ ಸಿಗುವ ಸಾಂಗಲಿ ಸೀಮೆಯ ಕೆ.ಬಿ. ದೇವಲ್, ಐಸಿಎಸ್ ಅಧಿಕಾರಿ ಕ್ಲೆಮೆಂಟ್ಸ್ ಜೊತೆ ಸೇರಿ 22 ಶ್ರುತಿಗಳ ಹಾರ್ಮೋನಿಯಂಗಾಗಿ ಹೆಣಗಿದರು. 1916ರ ಬರೋಡಾ ಸಂಗೀತ ಪರಿಷತ್ತಿನಲ್ಲಿ ಶ್ರುತಿ ಹಾರ್ಮೋನಿಯಂ ತೋರಿಸಿದರೂ ರೂಢಿಗೆ ಬರಲಿಲ್ಲ. 1940ರ ಮಾರ್ಚ್ 1ರಿಂದ ಆಕಾಶವಾಣಿ ಹಾರ್ಮೋನಿಯಂ ಅನ್ನೇ ನಿಷೇಧಿಸಿತು. ಅದು ಸಡಿಲವಾದದ್ದು 1971ರಲ್ಲಿ. ರೇಡಿಯೋ ಬಾಗಿಲು ಮುಚ್ಚಿದರೇನು, ಹಳ್ಳಿಯ ಆಟ ನಿಲ್ಲಲಿಲ್ಲ!

ಈಗ ಕೊಳ್ಳುವ ಮಾತಿಗೆ ಬರೋಣ. ಪೇಟಿಯ ಜೀವ ಇರುವುದು ಹಿತ್ತಾಳೆಯ ರೀಡಿನಲ್ಲಿ. ಮೊದಲು ಒಳ್ಳೆಯ ರೀಡುಗಳು ಜರ್ಮನಿ, ಫ್ರಾನ್ಸಿನಿಂದ ಬರುತ್ತಿದ್ದವು. ಆಮದು ನಿಂತ ಮೇಲೆ ಗುಜರಾತಿನ ಪಾಲಿಠಾಣಾ ರೀಡಿನ ಊರಾಯಿತು. ಹಾಗಾಗಿ ಮಾರುವವರು ಮೊದಲು ಹೇಳುವುದೇ “ಜರ್ಮನ್ ರೀಡ್ ಐತ್ರೀ” ಅಂತ! ಹೆಸರಿಗೆ ಮರುಳಾಗಬೇಡಿ, ಮುಚ್ಚಳ ತೆಗೆಸಿ ನೋಡಿ. ರೀಡಿನ ತುದಿ ಉಜ್ಜಿದರೆ ಸ್ವರ ಏರುತ್ತದೆ, ಬುಡ ಉಜ್ಜಿದರೆ ಇಳಿಯುತ್ತದೆ. ಹಿಂದೆ ಶ್ರುತಿ ಮಾಡಿದವರ ಅರದ ಗೀರುಗಳೆಲ್ಲ ಅಲ್ಲೇ ಉಳಿದಿರುತ್ತವೆ. ಎರಡೂ ಕಡೆ ಆಳವಾಗಿ ಉಜ್ಜಿದ್ದರೆ ಆ ರೀಡಿನ ಆಯುಷ್ಯ ಮುಗಿಯುತ್ತ ಬಂದಿದೆ ಅಂತ ತಿಳಿಯಿರಿ.

ತಿದಿ ತುಂಬಿಸಿ, ಯಾವ ಮನೆಯನ್ನೂ ಒತ್ತದೆ ಬಿಡಿ. ಗಾಳಿ ಬೇಗ ಇಳಿದರೆ ಎಲ್ಲೋ ಸೋರಿಕೆ ಇದೆ. ಆಮೇಲೆ ಒಂದೊಂದೇ ಮನೆ ಮೆಲ್ಲಗೆ ಒತ್ತಿ, ತಡವಾಗಿ ಮಾತಾಡುವ ಸ್ವರ ಯಾವುದು ಕೇಳಿ. ಕಪ್ಲರ್, ಟ್ರೆಮೊಲೊ, ಸ್ಕೇಲ್ ಚೇಂಜರ್ ಇವೆಲ್ಲ ಪೇಟಿಯ ‘ಎಫೆಕ್ಟ್ಸ್’ ಇದ್ದ ಹಾಗೆ. ಮೊದಲು ಎಲ್ಲ ಮುಚ್ಚಿ ಬರೀ ಧ್ವನಿ ಕೇಳಿ. ಟ್ರೆಮೊಲೊದ ನಡುಕದಲ್ಲಿ ಅಪಶ್ರುತಿ ಸುಲಭವಾಗಿ ಅಡಗುತ್ತದೆ. ತಿದಿಯ ಬಟ್ಟೆ, ಚರ್ಮ, ಸ್ಪ್ರಿಂಗು ಹೊಸದು ಹಾಕಿಸಬಹುದು. ಸವೆದ ಹಿತ್ತಾಳೆ ಮಾತ್ರ ಮತ್ತೆ ಬೆಳೆಯುವುದಿಲ್ಲ.

ಕೊನೆಗೊಂದು ಕೋರಿಕೆ. ಹಳೇ ಪೇಟಿಗಳ ಶ್ರುತಿ ಇವತ್ತಿನ ಎಲೆಕ್ಟ್ರಾನಿಕ್ ಕೀಬೋರ್ಡಿಗೆ ಹೊಂದದೇ ಇರಬಹುದು. ಅದಕ್ಕೆ ಹೊಂದಿಸಬೇಕು ಅಂತ ಅಷ್ಟೂ ರೀಡು ಉಜ್ಜಿಸಿದರೆ ಅಜ್ಜನ ಕಾಲದ ದನಿಯನ್ನೇ ಅರಕ್ಕೆ ಕೊಟ್ಟ ಹಾಗೆ. ನಿಮ್ಮ ಕಂಠಕ್ಕೆ ಹೊಂದುವ ಪೇಟಿ ಹುಡುಕಿ, ಪೇಟಿಯನ್ನು ಕೀಬೋರ್ಡಿಗಾಗಿ ಸವೆಸಬೇಡಿ.

ನಿಮ್ಮ ಊರ ಗುಡಿಯಲ್ಲೋ ಅಟ್ಟದ ಮೇಲೋ ಅಂಥದ್ದೊಂದು ಪೇಟಿ ಇದೆಯಾ? ಮುಚ್ಚಳ ತೆಗೆದು ನೋಡಿದರೆ ಏನು ಕಂಡಿತು, ಬರೆದು ತಿಳಿಸಿ.